ದರ ಇಳಿದದ್ದು ಕಾಲು ಭಾಗ, ಬಟವಾಡೆ ಇಳಿದದ್ದು ಎಷ್ಟು?

ಓದುಗರ ಪ್ರಶ್ನೆ: 1929ರ ನಂತರದ ಮಹಾ ಕುಸಿತದ ಬಗ್ಗೆ ಓದುತ್ತಿದ್ದೇನೆ. ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ ಗಂಟೆಯ ಕೂಲಿ 1929ರಲ್ಲಿ ಸುಮಾರು 68 ಸೆಂಟ್ ಇತ್ತು, 1933ರಲ್ಲಿ ಸುಮಾರು 50 ಸೆಂಟ್ ಆಯಿತು ಅಂತ ಒಂದು ಕೋಷ್ಟಕದಲ್ಲಿ ನೋಡಿದೆ. ಅದೇ ಹೊತ್ತಿಗೆ ಸಾಮಾನಿನ ಬೆಲೆಯೂ ಹೆಚ್ಚು ಕಡಿಮೆ ಕಾಲು ಭಾಗ ಇಳಿದಿತ್ತಂತೆ. ಹಾಗಾದರೆ ಅದಕ್ಕೂ ಇದಕ್ಕೂ ಸರಿಹೋಯಿತು ಅಲ್ವಾ? ಮತ್ತೆ ಗಣಿ ಊರುಗಳಲ್ಲಿ ಮಕ್ಕಳು ಹಸಿದಿದ್ದರು ಅಂತ ಎಲ್ಲರೂ ಯಾಕೆ ಬರೆದಿದ್ದಾರೆ? 1933ರಲ್ಲಿ ಯೂನಿಯನ್ ಒಪ್ಪಂದ ಆದ ಮೇಲಾದರೂ ಸ್ಥಿತಿ ಸುಧಾರಿಸಿತಾ?

ಉತ್ತರ: ನಿಮ್ಮ ಕೋಷ್ಟಕ ಸರಿಯಾಗಿಯೇ ಇದೆ. ನೀವು ಕೂಡಿ ಕಳೆದದ್ದೂ ಸರಿ. ಆದರೆ ಆ ಕೋಷ್ಟಕ ಹೇಳುವುದು ದರವನ್ನು. ಗಣಿಯವನ ಮನೆ ನಡೆಯುತ್ತಿದ್ದದ್ದು ದರದಿಂದಲ್ಲ, ಬಟವಾಡೆಯ ದಿನ ಕೈಗೆ ಸಿಕ್ಕ ಹಣದಿಂದ. ಇವೆರಡೂ ಒಂದೇ ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಆಫೀಸಿನ ಸಂಬಳದಲ್ಲಿ ಹಾಗೆ ಅಂದುಕೊಂಡರೂ ನಡೆಯುತ್ತದೆ. ಗಣಿಯಲ್ಲಿ ನಡೆಯುವುದಿಲ್ಲ. ಕಾರ್ಮಿಕ ಇತಿಹಾಸ ಪಾಠ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಪ್ರತಿ ಸಲವೂ ನಾನು ಮೊದಲು ಹೇಳುವುದು ಒಂದೇ: ದಿನ ಎಣಿಸಿ.

ಬಿಟುಮಿನಸ್, ಅಂದರೆ ಮೆದು ಕಲ್ಲಿದ್ದಲಿನ ಗಣಿಗಳು 1929ರಲ್ಲಿ ಸರಾಸರಿ 219 ದಿನ ನಡೆದವು. 1932ರಲ್ಲಿ 146 ದಿನ. ಮೂರರಲ್ಲಿ ಒಂದು ಪಾಲು ಕೆಲಸವೇ ಹೋಯಿತು. ಉಳಿದ ದಿನಗಳ ದರವೂ ಅಷ್ಟರೊಳಗೆ ಕಾಲು ಭಾಗದ ಹತ್ತಿರ ಇಳಿದಿತ್ತು. ಮೂರರಲ್ಲಿ ಎರಡು ಪಾಲು ದಿನ, ನಾಲ್ಕರಲ್ಲಿ ಮೂರು ಪಾಲು ದರ. ಗುಣಿಸಿ ನೋಡಿ, ಸರಿಯಾಗಿ ಅರ್ಧ ಬರುತ್ತದೆ. ವಾರದ ಸಂಪಾದನೆಯ ಅಂಕಿಗಳೂ ಇದರ ಹತ್ತಿರಕ್ಕೇ ಬರುತ್ತವೆ. 1929ರಲ್ಲಿ ವಾರಕ್ಕೆ 25 ಡಾಲರ್ ಮೇಲಿದ್ದದ್ದು 1932ರಲ್ಲಿ 14 ಡಾಲರ್ ಒಳಗೆ ಬಂತು. ಇದು ಇನ್ನೂ ಕೆಲಸ ಉಳಿಸಿಕೊಂಡವರ ಲೆಕ್ಕ. 1929ರಲ್ಲಿ ಈ ಗಣಿಗಳಲ್ಲಿ ಸುಮಾರು 5 ಲಕ್ಷ 3 ಸಾವಿರ ಜನ ಇದ್ದರು. 1932ರಲ್ಲಿ ಉಳಿದವರು ಸುಮಾರು 4 ಲಕ್ಷ 6 ಸಾವಿರ. ಹೋದವರ ಬಟವಾಡೆ ಸೊನ್ನೆ. ಸೊನ್ನೆಯನ್ನು ಸರಾಸರಿ ಕೂಲಿಯ ಕೋಷ್ಟಕದಲ್ಲಿ ಯಾರೂ ಸೇರಿಸುವುದಿಲ್ಲ.

146 ದಿನ ಅಂದರೆ ವರ್ಷದಲ್ಲಿ ಐದು ತಿಂಗಳು ಬಿಡದೆ ಕೆಲಸ, ಏಳು ತಿಂಗಳು ಬಿಡುವು ಅಂತ ಅಲ್ಲ. ಹಾಗಿದ್ದಿದ್ದರೆ ಬಿಡುವಿನ ತಿಂಗಳುಗಳಲ್ಲಿ ಬೇರೆ ಕಡೆ ಹೋಗಿ ದುಡಿಯಬಹುದಿತ್ತು. ಇಲ್ಲಿ ವಾರಕ್ಕೆ ಎರಡು ದಿನ, ಮೂರು ದಿನ ಅಂತ ಚೂರುಚೂರಾಗಿ ಕೆಲಸ ಸಿಗುತ್ತಿತ್ತು. ನಾಳೆ ಗಣಿ ನಡೆಯುತ್ತದೋ ಇಲ್ಲವೋ ಎನ್ನುವುದು ಎಷ್ಟೋ ಊರುಗಳಲ್ಲಿ ಹಿಂದಿನ ಸಂಜೆಯ ಸೀಟಿಯಿಂದ ತಿಳಿಯುತ್ತಿತ್ತು. ಎಷ್ಟು ಸಲ ಊದಿದರೆ ಕೆಲಸ ಇದೆ ಅಂತ ಒಂದೊಂದು ಊರಲ್ಲಿ ಒಂದೊಂದು ರೂಢಿ. ಊರಿಗೆ ಊರೇ ಆ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಿತ್ತು. ಹೀಗೆ ಕಟ್ಟುಬಿದ್ದ ಮನುಷ್ಯ ಬೇರೆ ಕೆಲಸ ಹುಡುಕುವುದು ಹೇಗೆ? ನಾಳೆ ಸೀಟಿ ಊದಿದಾಗ ಅವನು ಇಲ್ಲದಿದ್ದರೆ ಅವನ ಜಾಗಕ್ಕೆ ಕಾಯುತ್ತಿದ್ದವರು ಬೇಕಾದಷ್ಟು ಜನ.

ಈಗ ಬಟವಾಡೆ ಚೀಟಿಯನ್ನೇ ಹತ್ತಿರದಿಂದ ನೋಡೋಣ. ವಿಷಯದ ತಿರುಳು ಇಲ್ಲೇ ಇದೆ.

ಗಣಿಯೊಳಗೆ ಎರಡು ಬಗೆಯ ಜನ ಇದ್ದರು. ಹಳಿ, ಪಂಪು, ಸಾಗಾಟ ನೋಡಿಕೊಳ್ಳುವವರಿಗೆ ದಿನಗೂಲಿ. ಕಲ್ಲಿದ್ದಲು ಒಡೆದು ಬಂಡಿಗೆ ತುಂಬುವವರಿಗೆ ಟನ್ ಲೆಕ್ಕ. ಹೆಚ್ಚಿನವರು ಟನ್ ಲೆಕ್ಕದವರೇ. ಅಂಥವನೊಬ್ಬನನ್ನು ಊಹಿಸಿಕೊಳ್ಳಿ. ಅಂಕಿಗಳು ಲೆಕ್ಕ ತೋರಿಸಲು ನಾನೇ ಹಾಕಿಕೊಂಡವು, ಯಾರದೋ ನಿಜವಾದ ಚೀಟಿ ಅಲ್ಲ. 1929ರಲ್ಲಿ ಅವನಿಗೆ ಟನ್‌ಗೆ 40 ಸೆಂಟ್. ದಿನಕ್ಕೆ 10 ಟನ್ ತುಂಬುತ್ತಾನೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ, ಅದರಲ್ಲಿ 9 ದಿನ ಕೆಲಸ. ಒಟ್ಟು 36 ಡಾಲರ್. ಕಡಿತ ಏನೇನು? ಕಂಪನಿ ಮನೆಯ ಬಾಡಿಗೆ 4 ಡಾಲರ್. ಕಂಪನಿ ಡಾಕ್ಟರಿಗೆ 1. ದೀಪಕ್ಕೆ, ಗುದ್ದಲಿ ಹದ ಮಾಡಿಸಿದ್ದಕ್ಕೆ 75 ಸೆಂಟ್. ಮನೆ ಒಲೆಗೆ ತಂದ ಕಲ್ಲಿದ್ದಲಿಗೆ 75 ಸೆಂಟ್. ಹೌದು, ತಾನೇ ಅಗೆದ ಕಲ್ಲಿದ್ದಲಿಗೆ. ಸಿಡಿಮದ್ದು, ಬತ್ತಿ ಎಲ್ಲ ಅವನ ಖರ್ಚೇ, ಅದಕ್ಕೆ 3.75. ಎಲ್ಲ ಸೇರಿ 10.25. ಕೈಗೆ ಉಳಿಯುವುದು 25.75 ಡಾಲರ್.

ಈಗ 1932ಕ್ಕೆ ಬನ್ನಿ. ಟನ್‌ಗೆ 30 ಸೆಂಟ್, 6 ದಿನ ಕೆಲಸ. ಒಟ್ಟು 18 ಡಾಲರ್. ಬಾಡಿಗೆ ಅಷ್ಟೇ, ಡಾಕ್ಟರ್ ಅಷ್ಟೇ, ದೀಪ ಅಷ್ಟೇ, ಒಲೆಯ ಕಲ್ಲಿದ್ದಲೂ ಅಷ್ಟೇ. ಕೆಲಸ ಕಡಿಮೆ ಆದ್ದರಿಂದ ಸಿಡಿಮದ್ದು ಮಾತ್ರ 2.50ಕ್ಕೆ ಇಳಿದಿದೆ. ಕಡಿತ 9 ಡಾಲರ್. ಉಳಿದದ್ದು 9.

ದರದಲ್ಲಿ ಹೋದದ್ದು ಕಾಲು ಭಾಗ. ಒಟ್ಟು ಗಳಿಕೆಯಲ್ಲಿ ಅರ್ಧ. ಕೈಗೆ ಬಂದದ್ದರಲ್ಲಿ ಮೂರರಲ್ಲಿ ಎರಡು ಪಾಲು. ನೀವು ಹೇಳಿದ ಬೆಲೆ ಇಳಿಕೆಯನ್ನೂ ಸೇರಿಸಿಕೊಳ್ಳೋಣ. 1932ರ ಹೊತ್ತಿಗೆ ಬೆಲೆಗಳು ಸುಮಾರು ಐದರಲ್ಲಿ ಒಂದು ಪಾಲು ಇಳಿದಿದ್ದವು. ಹಾಗಾಗಿ ಆ 9 ಡಾಲರಿಗೆ ಹಳೆಯ ಲೆಕ್ಕದ 11 ಡಾಲರ್ ಚಿಲ್ಲರೆಯ ಸಾಮಾನು ಬರುತ್ತದೆ. ಮೊದಲು ಕೈಗೆ ಬರುತ್ತಿದ್ದದ್ದು 25.75. ಅರ್ಧವೂ ಇಲ್ಲ. ಹದಿನೈದು ದಿನ ಒಂದು ಸಂಸಾರದ ಹೊಟ್ಟೆ ತುಂಬಬೇಕು, ಬಟ್ಟೆ ಆಗಬೇಕು, ಶೂ ಆಗಬೇಕು. ಬೆಲೆ ಇಳಿದದ್ದರಿಂದ ಸರಿಹೋಯಿತು ಎನ್ನುವ ಮಾತು ಇಲ್ಲಿಗೆ ಬಂದಾಗ ನಿಲ್ಲುವುದಿಲ್ಲ.

ಆ 9 ಡಾಲರ್ ಕೂಡ ಎಷ್ಟೋ ಕಡೆ ನೋಟಾಗಿ ಕೈಗೆ ಬರುತ್ತಿರಲಿಲ್ಲ. ಬಟವಾಡೆಗೆ ಇನ್ನೂ ವಾರ ಇರುವಾಗಲೇ ಮನೆಯಲ್ಲಿ ಹಿಟ್ಟು ಮುಗಿದಿರುತ್ತಿತ್ತು. ಆಗ ಕಂಪನಿ ಸ್ಕ್ರಿಪ್ ಕೊಡುತ್ತಿತ್ತು. ಸ್ಕ್ರಿಪ್ ಅಂದರೆ ಕಂಪನಿಯೇ ಅಚ್ಚು ಹಾಕಿಸಿದ ಬಿಲ್ಲೆ ಅಥವಾ ಚೀಟಿ. ಮೇಲೆ ಕಂಪನಿಯ ಹೆಸರು, ಬೆಲೆಯ ಅಂಕಿ. ಅದು ಓಡುತ್ತಿದ್ದದ್ದು ಕಂಪನಿಯ ಅಂಗಡಿಯಲ್ಲಿ. ಹೊರಗಿನ ಅಂಗಡಿಯವನು ತೆಗೆದುಕೊಂಡರೂ ಮುರಿದುಕೊಂಡೇ ತೆಗೆದುಕೊಳ್ಳುತ್ತಿದ್ದ. ಕಂಪನಿ ಅಂಗಡಿಯಲ್ಲಿ ಬೆಲೆ ಸಾಮಾನ್ಯವಾಗಿ ಹೊರಗಿಗಿಂತ ಜಾಸ್ತಿ. ದೇಶದ ಬೆಲೆ ಸೂಚ್ಯಂಕ ಇಳಿದರೂ ಈ ಗಲ್ಲಾದ ಮುಂದೆ ನಿಂತವನಿಗೆ ಅಷ್ಟೇ ಇಳಿಯಿತು ಅಂತ ಹೇಳಲಾಗದು. ತೆಗೆದುಕೊಂಡ ಸ್ಕ್ರಿಪ್ ಎಲ್ಲ ಬಟವಾಡೆಯಲ್ಲಿ ಮುರಿದು ಹೋಗುತ್ತಿತ್ತು. ಕೊನೆಯ ಸಾಲಿನಲ್ಲಿ ಏನೂ ಉಳಿಯದ ಚೀಟಿಗೆ ಗಣಿಯವರು ಹತ್ತೊಂಬತ್ತನೇ ಶತಮಾನದಲ್ಲೇ ಒಂದು ಹೆಸರು ಇಟ್ಟಿದ್ದರು: ಬಾಬ್‌ಟೇಲ್ ಚೆಕ್. ಬಾಲ ಕತ್ತರಿಸಿದ ಚೆಕ್ ಅಂತ ಅರ್ಥ. ಕುಸಿತದ ವರ್ಷಗಳಲ್ಲಿ ಅಂಥ ಚೀಟಿ ಹಿಡಿದು ಮನೆಗೆ ಹೋದವರಿಗೆ ಲೆಕ್ಕವಿಲ್ಲ. ತಿಂಗಳಿಡೀ ನೆಲದ ಕೆಳಗೆ ದುಡಿದು ನಾಣ್ಯದ ಮುಖವನ್ನೇ ನೋಡದ ಮನುಷ್ಯನಿಗೆ ಗಂಟೆಗೆ 50 ಸೆಂಟ್ ಎನ್ನುವ ಅಂಕಿ ಏನು ಅರ್ಥ ಕೊಟ್ಟೀತು?

ಇನ್ನು ತೂಕದ ವಿಷಯ. ಕಾರ್ಮಿಕ ತಾನು ತುಂಬಿದ ಬಂಡಿಗೆ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತಗುಲಿಸುತ್ತಿದ್ದ. ಬಂಡಿ ಮೇಲೆ ಹೋದಾಗ ಕಂಪನಿಯ ತೂಕದವನು ಬಿಲ್ಲೆ ನೋಡಿ ಲೆಕ್ಕ ಬರೆಯುತ್ತಿದ್ದ. ತುಂಬಿದವನು ಕೆಳಗೆ, ತಕ್ಕಡಿ ಮೇಲೆ. ತೂಕ ಸರಿಯಾಗಿದೆಯಾ ಅಂತ ನೋಡಲು ಯೂನಿಯನ್ ಇದ್ದ ಕಡೆ ಕಾರ್ಮಿಕರದೇ ಒಬ್ಬ ತೂಕ ನೋಡುವವನು ಇರುತ್ತಿದ್ದ. ಯೂನಿಯನ್ ಮುರಿದ ಕಡೆ ಅವನಿಲ್ಲ. ಕಲ್ಲು ಬೆರೆತಿದೆ ಅಂತ ಇಡೀ ಬಂಡಿಯನ್ನೇ ಲೆಕ್ಕದಿಂದ ಬಿಡಬಹುದು. ಕೆಲವು ಕಡೆ ತೂಕವೇ ಇಲ್ಲ, ಬಂಡಿಗೆ ಇಷ್ಟು ಅಂತ ಕೊಡುತ್ತಿದ್ದರು, ಬಂಡಿಯನ್ನು ತಲೆಯೆತ್ತರ ತುಂಬಿಸುತ್ತಿದ್ದರು. ಇದೂ ಕೂಲಿ ಕಡಿತವೇ. ಆದರೆ ಇದು ಯಾವ ದರದ ಪಟ್ಟಿಯಲ್ಲೂ ಕಾಣುವುದಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಗಣಿಯಲ್ಲಿ ಡೆಡ್ ವರ್ಕ್ ಅಂತ ಕರೆಯುವ ಕೆಲಸ ಇತ್ತು. ಸತ್ತ ಕೆಲಸ. ಚಾವಣಿಗೆ ಮರದ ಕಂಬ ಕೊಡುವುದು, ಬಿದ್ದ ಕಲ್ಲು ಸರಿಸುವುದು, ನೀರು ಎತ್ತಿ ಹಾಕುವುದು, ತನ್ನ ಜಾಗದವರೆಗೆ ಹಳಿ ಹಾಕಿಕೊಳ್ಳುವುದು. ಟನ್ ಲೆಕ್ಕದವನಿಗೆ ಇದಕ್ಕೆ ಕಾಸು ಇಲ್ಲ ಅಥವಾ ತೀರ ಕಡಿಮೆ. ಕಂಬ ಕೊಡುವ ಹೊತ್ತಿನಲ್ಲಿ ಅವನು ಕಲ್ಲಿದ್ದಲು ತುಂಬುತ್ತಿಲ್ಲ, ಅಂದರೆ ಗಳಿಸುತ್ತಿಲ್ಲ. ವಾರಕ್ಕೆ ಎರಡೇ ದಿನ ಸಿಕ್ಕಾಗ, ದರವೂ ಇಳಿದಾಗ, ಎರಡು ಗಂಟೆ ಕೂತು ಕಂಬ ನಿಲ್ಲಿಸುವ ಧೈರ್ಯ ಯಾರಿಗಿರುತ್ತದೆ? ಇನ್ನೊಂದು ಬಂಡಿ ತುಂಬಿ ಆಮೇಲೆ ನೋಡೋಣ ಅನಿಸುತ್ತದೆ. ಆ ಕಾಲದಲ್ಲಿ ನೆಲದ ಕೆಳಗೆ ಸತ್ತವರಲ್ಲಿ ಅತಿ ಹೆಚ್ಚು ಜನ ಸತ್ತದ್ದು ಸ್ಫೋಟದಿಂದಲ್ಲ, ಚಾವಣಿ ಕುಸಿದು. ಒಬ್ಬೊಬ್ಬರೇ, ಇಬ್ಬಿಬ್ಬರೇ, ಪತ್ರಿಕೆಯ ಮುಖಪುಟಕ್ಕೆ ಬಾರದ ಸಾವುಗಳು. ಕೂಲಿ ಕೊಡುವ ರೀತಿಗೂ ಆ ಸಾವುಗಳಿಗೂ ಸಂಬಂಧ ಇದೆ ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಕಂಪನಿಗಳು ಕೂಲಿಗೇ ಯಾಕೆ ಕೈ ಹಾಕಿದವು ಅಂತ ನೀವು ಕೇಳಿಲ್ಲ. ಆದರೂ ಹೇಳಬೇಕು. ಈ ಉದ್ಯಮಕ್ಕೆ ಕಾಯಿಲೆ ಬಂದದ್ದು 1929ರಲ್ಲಲ್ಲ. ಮೊದಲ ಮಹಾಯುದ್ಧದ ಸಮಯದಲ್ಲಿ ಬೇಡಿಕೆ ಏರಿ ಬೇಕಾದ್ದಕ್ಕಿಂತ ಜಾಸ್ತಿ ಗಣಿಗಳು ತೆರೆದಿದ್ದವು. ಯುದ್ಧ ಮುಗಿಯಿತು, ಎಣ್ಣೆ ಮತ್ತು ಜಲವಿದ್ಯುತ್ ಬಂದವು. ಅಷ್ಟೇ ವಿದ್ಯುತ್ ಮಾಡಲು ಮೊದಲಿಗಿಂತ ತುಂಬಾ ಕಡಿಮೆ ಕಲ್ಲಿದ್ದಲು ಸಾಕಾಯಿತು. 1924ರಲ್ಲಿ ಯುನೈಟೆಡ್ ಮೈನ್ ವರ್ಕರ್ಸ್ ಯೂನಿಯನ್ ಜಾಕ್ಸನ್‌ವಿಲ್ ಒಪ್ಪಂದದಲ್ಲಿ ದಿನಕ್ಕೆ 7.50 ಡಾಲರ್ ಉಳಿಸಿಕೊಂಡಿತ್ತು. ಆದರೆ ಯೂನಿಯನ್ ಇಲ್ಲದ ದಕ್ಷಿಣದ ಗಣಿಗಳು, ಅಂದರೆ ಕೆಂಟಕಿ ಮತ್ತು ವೆಸ್ಟ್ ವರ್ಜೀನಿಯಾದವು, ಕಡಿಮೆ ಕೂಲಿಯಲ್ಲಿ ತೆಗೆದು ಕಡಿಮೆ ಬೆಲೆಗೆ ಮಾರಿದವು. 1927ರಲ್ಲಿ ಒಪ್ಪಂದದ ಅವಧಿ ಮುಗಿಯಿತು, ಅದರ ಬೆನ್ನಿಗೆ ನಡೆದ ಮುಷ್ಕರವೂ ಸೋತಿತು. ಮಹಾ ಕುಸಿತ ಬಂದದ್ದು ಆಗಲೇ ನೆಲಕ್ಕೆ ಬಿದ್ದವನ ಮೇಲೆ.

ಗಣಿಯನ್ನು ಕಾರ್ಖಾನೆಯ ಹಾಗೆ ಬೀಗ ಹಾಕಿ ಬಿಡಲು ಬರುವುದಿಲ್ಲ. ಕಲ್ಲಿದ್ದಲು ತೆಗೆಯದಿದ್ದರೂ ಪಂಪು ಓಡಬೇಕು, ಇಲ್ಲದಿದ್ದರೆ ನೀರು ತುಂಬುತ್ತದೆ. ಹಾಗಾಗಿ ನಷ್ಟವಾದರೂ ಸ್ವಲ್ಪ ಸ್ವಲ್ಪ ನಡೆಸೋಣ ಎನ್ನುವುದೇ ಮಾಲೀಕರ ಲೆಕ್ಕ. ಎಲ್ಲರೂ ಹಾಗೇ ಯೋಚಿಸಿದರು. 1929ರಲ್ಲಿ 53 ಕೋಟಿ ಟನ್ನಿಗೂ ಮೇಲಿದ್ದ ಉತ್ಪಾದನೆ 1932ರಲ್ಲಿ ಸುಮಾರು 31 ಕೋಟಿ ಟನ್ ಆಯಿತು. ಗಣಿ ಬಾಯಿಯಲ್ಲಿ ಟನ್ನಿನ ಬೆಲೆ 1.78 ಡಾಲರಿನಿಂದ 1.31ಕ್ಕೆ ಬಂತು. ಬೆಲೆ ಇಳಿಸಿದರೂ ಜಾಸ್ತಿ ಮಾರಾಟ ಆಗಲಿಲ್ಲ. ಉಕ್ಕಿನ ಕುಲುಮೆ ಆರಿದ ಮೇಲೆ, ರೈಲು ಖಾಲಿ ಓಡಿದ ಮೇಲೆ, ಕಲ್ಲಿದ್ದಲು ಅಗ್ಗವಾಯಿತು ಅಂತ ಯಾರು ಹೆಚ್ಚು ಕೊಳ್ಳುತ್ತಾರೆ? ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೂಲಿಯದೇ. ಕೈ ಹೋದದ್ದು ಅಲ್ಲಿಗೇ. ಪಕ್ಕದ ಗಣಿ ಕೂಲಿ ಕಡಿದರೆ ಇವನೂ ಕಡಿಯಲೇಬೇಕು. ಕೆಂಟಕಿಯ ಹಾರ್ಲನ್ ಕೌಂಟಿಯಲ್ಲಿ 1931ರ ಫೆಬ್ರುವರಿಯಲ್ಲಿ ಇನ್ನೂ 10 ಪರ್ಸೆಂಟ್ ಕಡಿತ ಬಂದಾಗ ಜನ ತಿರುಗಿಬಿದ್ದರು. ಮೇ 5ರಂದು ಎವರ್ಟ್ಸ್ ಊರಿನ ಹತ್ತಿರ ಗುಂಡು ಹಾರಿ ಹೆಣ ಬಿದ್ದವು. ಇಲಿನಾಯ್‌ನಲ್ಲಿ 1932ರಲ್ಲಿ ದಿನಗೂಲಿಯನ್ನು 6.10ರಿಂದ 5 ಡಾಲರಿಗೆ ಇಳಿಸುವ ಒಪ್ಪಂದವನ್ನು ಕಾರ್ಮಿಕರು ಮತ ಹಾಕಿ ತಿರಸ್ಕರಿಸಿದರು. ಎರಡನೇ ಸಲ ಮತ ಹಾಕಿಸಿದಾಗ ಎಣಿಕೆಯ ಹಾಳೆಗಳೇ ಕಳವಾದವು. ಯೂನಿಯನ್ ಅಧ್ಯಕ್ಷ ಜಾನ್ ಎಲ್. ಲೂಯಿಸ್ ತುರ್ತು ಸ್ಥಿತಿ ಅಂತ ಹೇಳಿ ಒಪ್ಪಂದ ಜಾರಿ ಮಾಡಿದರು. ಸಿಟ್ಟಾದವರು ಹೊರಬಂದು ಪ್ರೊಗ್ರೆಸಿವ್ ಮೈನರ್ಸ್ ಅಂತ ಬೇರೆ ಯೂನಿಯನ್ನನ್ನೇ ಕಟ್ಟಿದರು.

ದರವೇ ಎಲ್ಲವೂ ಅಲ್ಲ ಎನ್ನುವುದಕ್ಕೆ ನನಗೆ ಸಿಕ್ಕ ಅತಿ ಗಟ್ಟಿ ಸಾಕ್ಷಿ ಪೆನ್ಸಿಲ್ವೇನಿಯಾದ ಆಂಥ್ರಸೈಟ್, ಅಂದರೆ ಗಟ್ಟಿ ಕಲ್ಲಿದ್ದಲಿನ ಪ್ರದೇಶ. ಅಲ್ಲಿ ಯೂನಿಯನ್ ಗಟ್ಟಿಯಾಗಿತ್ತು. 1930ರಲ್ಲಿ ಐದೂವರೆ ವರ್ಷದ ಒಪ್ಪಂದ ಆಗಿತ್ತು. ದರ ಇಳಿಯಲೇ ಇಲ್ಲ. ನಿಮ್ಮ ಕೋಷ್ಟಕದ ಕಣ್ಣಿಂದ ನೋಡಿದರೆ, ಬೆಲೆ ಇಳಿದು ದರ ನಿಂತಿದ್ದರಿಂದ ಅವರು ಶ್ರೀಮಂತರಾಗಬೇಕಿತ್ತು. ಆದದ್ದೇ ಬೇರೆ. ಕಂಪನಿಗಳು ಖರ್ಚು ಜಾಸ್ತಿ ಬೀಳುವ ಗಣಿಗಳನ್ನು ಮುಚ್ಚಿ, ಇರುವ ಕೆಲಸವನ್ನು ಕೆಲವೇ ಗಣಿಗಳಲ್ಲಿ ಮಾಡಿಸಿದವು. ಒಂದು ಊರಿನಲ್ಲಿ ಕೆಲಸ, ಪಕ್ಕದ ಊರಿಗೆ ಊರೇ ಖಾಲಿ ಕೈ. ಆದ್ದರಿಂದ ಅಲ್ಲಿನ ಜನ ಕೇಳಿದ್ದು ಜಾಸ್ತಿ ದರ ಅಲ್ಲ, ಇರುವ ಕೆಲಸವನ್ನು ಎಲ್ಲ ಗಣಿಗಳಿಗೂ ಸಮನಾಗಿ ಹಂಚಿ ಅಂತ. ಅದು ಸಿಗದಿದ್ದಾಗ ಕಂಪನಿಯ ಜಮೀನಿನಲ್ಲೇ ಕೈಯಿಂದ ಗುಂಡಿ ತೋಡಿ ಕಲ್ಲಿದ್ದಲು ತೆಗೆದು ಮಾರಲು ಶುರು ಮಾಡಿದರು. ಬೂಟ್‌ಲೆಗ್ ಕಲ್ಲಿದ್ದಲು ಅಂತ ಅದಕ್ಕೆ ಹೆಸರು. ಸಾವಿರಾರು ಜನ ಇದರಲ್ಲೇ ಬದುಕಿದರು. ಕೇಸು ಹಾಕಿದರೆ ಅದೇ ಊರಿನ ಜ್ಯೂರಿಗಳು ಇವರನ್ನು ತಪ್ಪಿತಸ್ಥರು ಅಂತ ಹೇಳಲು ಒಪ್ಪುತ್ತಿರಲಿಲ್ಲ. ನೆರೆಯವನ ಬಟವಾಡೆ ಏನಾಗಿದೆ ಅಂತ ಅವರಿಗೆ ಯಾವ ಕೋಷ್ಟಕವೂ ಹೇಳಬೇಕಾಗಿರಲಿಲ್ಲ.

ಹಸಿವಿನ ಮಾತಿಗೆ ಬರುತ್ತೇನೆ. ಅದು ಕಥೆಯಲ್ಲ. 1931ರಲ್ಲಿ ಕ್ವೇಕರ್ ಪಂಥದವರ ಅಮೆರಿಕನ್ ಫ್ರೆಂಡ್ಸ್ ಸರ್ವಿಸ್ ಕಮಿಟಿ ಕಲ್ಲಿದ್ದಲು ಪ್ರದೇಶಗಳ ಶಾಲೆಗಳಲ್ಲಿ ಮಕ್ಕಳಿಗೆ ಊಟ ಹಾಕಲು ಹೊರಟಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಹಸಿದ ಮಕ್ಕಳಿಗೆ ಊಟ ಹಾಕಿದ ಸಂಸ್ಥೆ ಇದೇ. ಎಲ್ಲರಿಗೂ ಹಾಕುವಷ್ಟು ದುಡ್ಡು ಇರಲಿಲ್ಲ. ಮಕ್ಕಳನ್ನು ತೂಕ ಮಾಡಿ, ವಯಸ್ಸಿಗೆ ಇರಬೇಕಾದ್ದಕ್ಕಿಂತ ತೀರ ಕಡಿಮೆ ತೂಗುವವರನ್ನು ಆರಿಸಿಕೊಂಡರು. ಹೀಗೆ ಆರಿಸಿದ ಮೇಲೂ ಹತ್ತಾರು ಸಾವಿರ ಮಕ್ಕಳಿದ್ದರು. ಇವರಲ್ಲಿ ಎಷ್ಟೋ ಮಕ್ಕಳ ಅಪ್ಪಂದಿರು ನಿರುದ್ಯೋಗಿಗಳಲ್ಲ, ವಾರಕ್ಕೆ ಎರಡು ದಿನ ಗಣಿಗೆ ಇಳಿಯುತ್ತಿದ್ದವರು.

ಈಗ ನಿಮ್ಮ ಕೊನೆಯ ಪ್ರಶ್ನೆ, 1933. ಆ ವರ್ಷದ ಜೂನ್‌ನಲ್ಲಿ ರೂಸ್‌ವೆಲ್ಟ್ ಸರ್ಕಾರದ ಕೈಗಾರಿಕಾ ಚೇತರಿಕೆ ಕಾಯ್ದೆ ಬಂತು. ಕಾರ್ಮಿಕರು ತಮ್ಮ ಇಷ್ಟದ ಯೂನಿಯನ್ ಸೇರುವ ಹಕ್ಕು ಅದರ 7(ಎ) ಕಲಮಿನಲ್ಲಿತ್ತು. ಗಣಿಯವರು ಯೂನಿಯನ್ನಿಗೆ ಪ್ರವಾಹದಂತೆ ಬಂದು ಸೇರಿದರು. ಸೆಪ್ಟೆಂಬರ್‌ನಲ್ಲಿ ಅಪಲಾಚಿಯನ್ ಒಪ್ಪಂದ ಆಯಿತು. ದಿನಕ್ಕೆ 8 ಗಂಟೆ, ಉತ್ತರದ ಗಣಿಗಳಲ್ಲಿ 4.60 ಡಾಲರ್, ದಕ್ಷಿಣದಲ್ಲಿ 4.20. ಯೂನಿಯನ್ ಇಲ್ಲದ ಕೆಲವು ಗಣಿಗಳಲ್ಲಿ ಅದಕ್ಕೆ ಮೊದಲು ದಿನಕ್ಕೆ 2 ಡಾಲರ್ ಕೂಡ ಹುಟ್ಟುತ್ತಿರಲಿಲ್ಲ ಎನ್ನುವುದನ್ನು ನೆನಪಿಡಿ. 1934ರ ಏಪ್ರಿಲ್‌ನಲ್ಲಿ ದಿನಕ್ಕೆ 7 ಗಂಟೆ, ವಾರಕ್ಕೆ 35 ಗಂಟೆ ಆಯಿತು, ಕೂಲಿ 5 ಮತ್ತು 4.60 ಆಯಿತು. ಉತ್ತರ ದಕ್ಷಿಣದ 40 ಸೆಂಟ್ ವ್ಯತ್ಯಾಸಕ್ಕೆ ಕೊಟ್ಟ ಕಾರಣ ರೈಲು ಬಾಡಿಗೆ. ದಕ್ಷಿಣದ ಕಲ್ಲಿದ್ದಲು ಮಾರುಕಟ್ಟೆ ಮುಟ್ಟಲು ದೂರ ಹೋಗಬೇಕು, ಬಾಡಿಗೆ ಜಾಸ್ತಿ ಬೀಳುತ್ತದೆ ಎನ್ನುವುದು ಮಾಲೀಕರ ವಾದ. ಆ ಬಾಡಿಗೆಯನ್ನು ದಕ್ಷಿಣದ ಕಾರ್ಮಿಕ ತನ್ನ ಕೂಲಿಯಿಂದ ಯಾಕೆ ತುಂಬಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇಷ್ಟರಿಂದ ಗಂಟೆಯ ದರ 1934ರಲ್ಲಿ 1929ರ ಮಟ್ಟವನ್ನು ಹೆಚ್ಚು ಕಡಿಮೆ ಮುಟ್ಟಿತು. ವಾರದ ಸಂಪಾದನೆ? 18 ಡಾಲರ್ ಆಸುಪಾಸು. 1929ರ 25ಕ್ಕೆ ಇನ್ನೂ ಬಹಳ ದೂರ. ಗಣಿಗಳು ಆ ವರ್ಷ ನಡೆದದ್ದು ಸರಾಸರಿ 178 ದಿನ, ಅದೂ ಮೊದಲಿಗಿಂತ ಚಿಕ್ಕ ದಿನ. ದರ ವಾಪಸ್ ಬಂದಷ್ಟು ಬೇಗ ಕೆಲಸ ಬರಲಿಲ್ಲ. ಹಾಗಾಗಿ ಪೂರ್ತಿ ಸರಿಹೋಯಿತು ಅಂತ ನಾನು ಹೇಳಲಾರೆ.

ಆದರೂ ಆ ಒಪ್ಪಂದವನ್ನು ಬರೀ ಡಾಲರಿನಲ್ಲಿ ಅಳೆಯಬೇಡಿ. ತೂಕ ನೋಡುವವನನ್ನು ಕಾರ್ಮಿಕರೇ ಆರಿಸುವ ಹಕ್ಕು ಅದರಲ್ಲಿತ್ತು. ಕಂಪನಿ ಅಂಗಡಿಯಲ್ಲೇ ಕೊಳ್ಳಬೇಕು, ಕಂಪನಿ ಮನೆಯಲ್ಲೇ ಇರಬೇಕು ಎನ್ನುವ ಬಲವಂತ ಹೋಯಿತು. 17 ವರ್ಷದೊಳಗಿನ ಹುಡುಗರನ್ನು ಗಣಿಗೆ ಇಳಿಸುವಂತಿಲ್ಲ ಅಂತ ಆಯಿತು. ದರದ ಪಟ್ಟಿಯಲ್ಲಿ ಕಾಣದೆ ನಡೆಯುತ್ತಿದ್ದ ಕಡಿತಗಳನ್ನು ನಾನು ಮೇಲೆ ಹೇಳಿದೆನಲ್ಲ, ಇವು ಬಿಗಿಹಿಡಿದದ್ದು ಅವುಗಳನ್ನೇ. ಹಿತ್ತಾಳೆ ಬಿಲ್ಲೆ ತಗುಲಿಸಿದ ಬಂಡಿ ಮೇಲೆ ಹೋದಾಗ ತಕ್ಕಡಿಯ ಪಕ್ಕದಲ್ಲಿ ಈಗ ಕಂಪನಿಯವನ ಜೊತೆ ಇನ್ನೊಬ್ಬನೂ ನಿಂತಿರುತ್ತಿದ್ದ. ಅವನಿಗೆ ಸಂಬಳ ಕೊಡುತ್ತಿದ್ದದ್ದು ಕೆಳಗೆ ಬಂಡಿ ತುಂಬುತ್ತಿದ್ದವರೇ.